ಹಡಗು ಬಂದ ದಿನ ವೇಣೂರಿನ ದಾರಿ

ನಮ್ಮ ವಲಾಂಡಿ, ನಿಲಂಗಾ, ಉದಗೀರ, ಉಮರ್ಗಾ ಕಡೆಯ ಕುಟುಂಬಗಳಿಗೆ ಕುಂಥಲಗಿರಿ ಮನಸ್ಸು ಬಂದಾಗ ಹೋಗಿ ಬರಬಹುದಾದ ಕ್ಷೇತ್ರ. ತುಳುನಾಡಿನ ಯಾತ್ರೆ ಹಾಗಲ್ಲ. ರಜೆ ಹೊಂದಿಸಬೇಕು, ರೈಲು ಬದಲಿಸಬೇಕು, ಮನೆಯ ಹಿರಿಯರ ಆರೋಗ್ಯ ನೋಡಬೇಕು. ಎಷ್ಟೋ ಅಜ್ಜ-ಅಜ್ಜಿಯರಿಗೆ ಅದು ಬಾಳಿನಲ್ಲಿ ಒಂದೇ ಸಲ ಒದಗುವ ಭಾಗ್ಯ. ಹೀಗಿರುವಾಗ ಮಂಗಳೂರಿನಲ್ಲಿ ಕೈಗೆ ಸಿಗುವ ಒಂದೇ ಒಂದು ದಿನ ಜನಜಂಗುಳಿಯಲ್ಲಿ ಕಳೆದುಹೋಗಬಾರದು. ಆ ದಿನವನ್ನು ಹೇಗೆ ಬಳಸಿಕೊಳ್ಳಬೇಕೆಂಬುದನ್ನು ವಾಚಕ ಬಂಧುಗಳ ಮುಂದಿಡುತ್ತಿದ್ದೇವೆ.

ಮಂಗಳೂರಿನ ಪಣಂಬೂರಿನಲ್ಲಿರುವ ನವ ಮಂಗಳೂರು ಬಂದರು 1975ರಲ್ಲಿ ಉದ್ಘಾಟನೆಗೊಂಡಿತು. ಸರಕು ಹಡಗುಗಳಲ್ಲದೆ ವಿದೇಶೀ ಪ್ರವಾಸಿಗರನ್ನು ಹೊತ್ತ ದೊಡ್ಡ ವಿಹಾರ ಹಡಗುಗಳೂ ಇಲ್ಲಿಗೆ ಬರುತ್ತವೆ. ಕೋವಿಡ್ ಕಾಲದಲ್ಲಿ ನಿಂತಿದ್ದ ಈ ಸಂಚಾರ 2022ರ ನವೆಂಬರಿನಲ್ಲಿ ಮತ್ತೆ ಆರಂಭವಾಯಿತು. ಮಳೆಗಾಲ ಮುಗಿದ ಮೇಲಿನ ತಿಂಗಳುಗಳೇ ಹಡಗುಗಳ ಕಾಲ. ನಮ್ಮ ಯಾತ್ರೆಯ ಕಾಲವೂ ಅದೇ. ಒಂದು ಹಡಗಿನಿಂದ ನೂರಾರು ಜನ, ಕೆಲವೊಮ್ಮೆ ಸಾವಿರಕ್ಕೂ ಮಿಕ್ಕಿ ಜನ ಇಳಿಯುತ್ತಾರೆ. ಸಾಲುಸಾಲು ಬಸ್ಸುಗಳಲ್ಲಿ ಕುದ್ರೋಳಿ ದೇವಸ್ಥಾನ, ಸಂತ ಅಲೋಶಿಯಸ್ ಚಾಪೆಲ್, ಗೋಡಂಬಿ ಕಾರ್ಖಾನೆ, ಮಾರುಕಟ್ಟೆ ನೋಡುತ್ತಾರೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ ಮತ್ತು ಕಾರ್ಕಳದ ಗೊಮ್ಮಟೇಶ್ವರ ಕೂಡ ಅವರ ಪಟ್ಟಿಯಲ್ಲಿವೆ.

ಆದರೆ ಈ ಜನಸಂದಣಿಗೂ ಒಂದು ಗಡಿಯಾರವಿದೆ. ಹಡಗು ಬೆಳಿಗ್ಗೆ ಬಂದು ಸಾಮಾನ್ಯವಾಗಿ ಅದೇ ದಿನ ಹೊರಟುಬಿಡುತ್ತದೆ. ತಪಾಸಣೆ ಮುಗಿಸಿ ಹೊರಬಿದ್ದ ಪ್ರವಾಸಿಗರು ಹಡಗು ಬಿಡುವ ಮೊದಲೇ ಬಂದರಿಗೆ ಮರಳಲೇಬೇಕು. ಆದ್ದರಿಂದ ಬಸದಿಗಳಲ್ಲಿ ಅವರ ದಟ್ಟಣೆ ಬೆಳಗಿನ ನಡುಹೊತ್ತಿನಿಂದ ಮಧ್ಯಾಹ್ನದವರೆಗೆ ಮಾತ್ರ. ಹಡಗು ಬರುವ ಸುದ್ದಿ ಮಂಗಳೂರಿನ ಪತ್ರಿಕೆಗಳಲ್ಲಿ ಬರುತ್ತದೆ; ವಸತಿಗೃಹದವರನ್ನೋ ಟ್ಯಾಕ್ಸಿ ಚಾಲಕರನ್ನೋ ಕೇಳಿದರೂ ತಿಳಿಯುತ್ತದೆ.

ಅಂಥ ದಿನ ನಮ್ಮ ಆಯ್ಕೆ ವೇಣೂರು. ಮಂಗಳೂರಿನಿಂದ ಮೂಡುಬಿದಿರೆ ಸುಮಾರು 35 ಕಿ.ಮೀ., ಅಲ್ಲಿಂದ ವೇಣೂರು ಸುಮಾರು 20 ಕಿ.ಮೀ. ಮುಂಜಾನೆಯೇ ಹೊರಟು, ದಾರಿಯಲ್ಲಿ ಮೂಡುಬಿದಿರೆ ಬಂದರೂ ಇಳಿಯದೆ, ನೇರ ವೇಣೂರಿಗೆ ಹೋಗಬೇಕು. ಬಸ್ಸಿನಲ್ಲಿ ಹೋಗುವವರು ಮೂಡುಬಿದಿರೆಯಲ್ಲಿ ಬಸ್ಸು ಬದಲಿಸಬಹುದು.

ಫಲ್ಗುಣಿ ನದಿಯ ದಂಡೆಯ ಈ ಚಿಕ್ಕ ಊರಿನಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲ ಅರಸನು ಬಾಹುಬಲಿ ಸ್ವಾಮಿಯನ್ನು ಪ್ರತಿಷ್ಠಾಪಿಸಿದನು. ಎತ್ತರ ಸುಮಾರು 35 ಅಡಿ. ಶ್ರವಣಬೆಳಗೊಳದಂತೆ ಇಲ್ಲಿ ಬೆಟ್ಟ ಹತ್ತಬೇಕಾಗಿಲ್ಲ. ಮೂರ್ತಿ ನಿಂತಿರುವುದು ನದಿಯ ಬಳಿಯ ಸಮತಟ್ಟು ನೆಲದಲ್ಲಿ. ಮೊಣಕಾಲು ನೋವಿನ ಹಿರಿಯರಿಗೆ ಇದೇ ದೊಡ್ಡ ಅನುಕೂಲ. ಕಾರ್ಕಳದ ಅರಸನು ಈ ಮೂರ್ತಿಯನ್ನು ತನಗೆ ಕೊಡಬೇಕೆಂದು ಹಟ ಹಿಡಿದಾಗ, ಅಜಿಲನು ಅದನ್ನು ನದಿಯ ಮರಳಿನಲ್ಲಿ ಹೂತು ಕಾಪಾಡಿದನೆಂದು ಜನ ಹೇಳುತ್ತಾರೆ. ಮಕ್ಕಳಿಗೆ ಈ ಕಥೆಯನ್ನು ಅಲ್ಲಿಯೇ ಹೇಳಿ ನೋಡಿ, ಅವರು ನದಿಯನ್ನೂ ಮೂರ್ತಿಯನ್ನೂ ಮರೆಯುವುದಿಲ್ಲ. 2024ರಲ್ಲಿ ಮಹಾಮಸ್ತಕಾಭಿಷೇಕದ ಸಮಯದಲ್ಲಿ ಸಾಗರದಂತೆ ಜನ ಸೇರಿದ ಈ ಸ್ಥಳ ಬೇರೆ ದಿನಗಳಲ್ಲಿ ಬಹಳ ಶಾಂತ. ಅವಸರವಿಲ್ಲದೆ ಕುಳಿತು ಒಂದು ಮಾಲೆ ಜಪ ಮಾಡಬಹುದು.

ಮಧ್ಯಾಹ್ನ ಊಟ ಮುಗಿಸಿ ಮೂಡುಬಿದಿರೆಗೆ ಹಿಂತಿರುಗಿದರೆ ಬಸ್ಸುಗಳು ಹೊರಡುವ ಹೊತ್ತಾಗಿರುತ್ತದೆ. 1430ರಲ್ಲಿ ಕಟ್ಟಿದ, ಮೂರು ಅಂತಸ್ತಿನ ಸಾವಿರ ಕಂಬದ ಬಸದಿಯಲ್ಲಿ ಚಂದ್ರನಾಥ ಸ್ವಾಮಿಯ ದರ್ಶನ ಮಾಡಿ, ಗುರು ಬಸದಿಗೂ ತಪ್ಪದೆ ಹೋಗಬೇಕು. ಷಟ್ಖಂಡಾಗಮದ ಧವಲಾ ಟೀಕೆಯ ತಾಡೆಯೋಲೆಗಳು ಶತಮಾನಗಳ ಕಾಲ ಉಳಿದುಬಂದದ್ದು ಈ ಊರಿನಲ್ಲಿಯೇ. 19ನೇ ಶತಮಾನದ ಕೊನೆಯಲ್ಲಿ ಅವುಗಳ ನಕಲು ಮಾಡಿಸಲು ಮುಂದಾದವರಲ್ಲಿ ಒಬ್ಬರು ನಮ್ಮ ನೆರೆಯ ಸೊಲ್ಲಾಪುರದ ಹೀರಾಚಂದ ನೇಮಚಂದರು. ಸೊಲ್ಲಾಪುರದಿಂದ ಮಂಗಳೂರಿಗೆ ಹೋಗುತ್ತಿದ್ದ ಹಳೆಯ 13ನೇ ರಾಷ್ಟ್ರೀಯ ಹೆದ್ದಾರಿ ಮೂಡುಬಿದಿರೆಯ ಮೇಲೆಯೇ ಹಾದುಹೋಗುತ್ತಿತ್ತು. ಹೆದ್ದಾರಿಗೆ ಈಗ ಬೇರೆ ಸಂಖ್ಯೆಗಳು ಬಂದಿವೆ. ನಮಗೂ ಆ ಊರಿಗೂ ಇರುವ ನಂಟು ಮಾತ್ರ ಹಾಗೆಯೇ ಇದೆ.

ಕೆಲವು ಸೂಚನೆಗಳು. ಬಸದಿಗಳ ಬಾಗಿಲು ತೆರೆಯುವ ವೇಳೆಯನ್ನು ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ರಾತ್ರಿ ಭೋಜನ ಬಿಟ್ಟವರು ಸೂರ್ಯಾಸ್ತದ ಲೆಕ್ಕವಿಡಬೇಕು. ಚಳಿಗಾಲದಲ್ಲಿ ಅಲ್ಲಿ ಸುಮಾರು 6 ಗಂಟೆಗೆಲ್ಲ ಹೊತ್ತು ಮುಳುಗುತ್ತದೆ. ಸಂಜೆಯ ಊಟ ಮೂಡುಬಿದಿರೆಯಲ್ಲಿಯೇ ಮುಗಿಸಿದರೆ ಒಳ್ಳೆಯದು. ಸೋಸಿದ ನೀರು, ಚಪಾತಿ, ಶೇಂಗಾ ಚಟ್ನಿ ಜೊತೆಗಿರಲಿ. ಕಾರ್ಕಳವನ್ನೂ ಅದೇ ದಿನಕ್ಕೆ ತುರುಕಬೇಡಿ. 1432ರ ಬಾಹುಬಲಿ, 1586ರ ಚತುರ್ಮುಖ ಬಸದಿ, ಹಿರಿಯಂಗಡಿಯ ಮಾನಸ್ತಂಭ ಇವಕ್ಕೆ ಇನ್ನೊಂದು ದಿನವೇ ಬೇಕು.

ಕೊನೆಗೊಂದು ಮಾತು. ದೂರದೇಶದಿಂದ ಬಂದವರ ಮೇಲೆ ನಮಗೆ ಮುನಿಸಿಲ್ಲ. ಅವರೂ ಚಪ್ಪಲಿ ಕಳಚಿ, ತಲೆಯೆತ್ತಿ ಕಂಬಗಳನ್ನು ನೋಡುತ್ತ ನಿಲ್ಲುತ್ತಾರೆ. ಯಾರಾದರೂ ಕೇಳಿದರೆ ಬಾಹುಬಲಿ ಯಾರೆಂದು ನಮ್ಮ ಮಕ್ಕಳು ಎರಡು ಮಾತು ಹೇಳುವಂತಿರಲಿ. ಅವರ ಹೊತ್ತು ಅವರಿಗಿರಲಿ, ನಮ್ಮ ಹೊತ್ತನ್ನು ನಾವು ಆರಿಸಿಕೊಳ್ಳೋಣ. ಗೆದ್ದ ರಾಜ್ಯವನ್ನೇ ಅಣ್ಣನಿಗೆ ಬಿಟ್ಟು ಹೊರಟ ಸ್ವಾಮಿಯ ಮುಂದೆ ಜಾಗಕ್ಕಾಗಿ ನೂಕಾಡುವುದು ನಮಗೆ ಒಪ್ಪುವ ಮಾತಲ್ಲ.