ಗೋಡೆ ಎದ್ದ ಮೇಲೆ ಗೂಡು ಕೊರೆಯುವುದೇಕೆ?

ಹೊಸೂರಿನ ಬಳಿಯ ತೊರಪಲ್ಲಿ ಅಗ್ರಹಾರಕ್ಕೆ ಹೋದವರು ಅಲ್ಲಿನ ಒಂದು ಮನೆಯನ್ನು ನೋಡಿ ಬರುವುದುಂಟು. 1878ರ ಡಿಸೆಂಬರ್ 10ರಂದು ರಾಜಾಜಿಯವರು ಹುಟ್ಟಿದ ಮನೆ ಅದು. ತಮಿಳುನಾಡು ಸರಕಾರ ಅದನ್ನು ಸ್ಮಾರಕವಾಗಿ ಉಳಿಸಿಕೊಂಡಿದೆ. ಹಳ್ಳಿಯ ಆ ಸಾಧಾರಣ ಮನೆಯಲ್ಲಿ ಕಣ್ಣು ಬಿಟ್ಟವರು 1948ರಲ್ಲಿ ಗವರ್ನರ್ ಜನರಲ್ ಆಗಿ ದೆಹಲಿಯ 340 ಕೋಣೆಗಳ ಭವನದಲ್ಲಿ ವಾಸಿಸಬೇಕಾಯಿತು! ಆದರೆ ಇಂದು ನಾನು ಹೇಳಹೊರಟಿರುವುದು ರಾಜಾಜಿಯವರ ವಿಷಯವಲ್ಲ, ಮನೆ ಕಟ್ಟುವ ವಿಷಯ.

ಈ ಸೀಮೆಯ ಹಳೆಯ ಮನೆಗಳ ಒಳಹೊಕ್ಕು ನೋಡಿ. ದೀಪವಿಡಲು ಗೂಡು, ಪಾತ್ರೆಪಗಡಿಗೆ ಅಟ್ಟ, ಬಂದವರು ಕೂರಲು ಜಗಲಿ. ಇವೆಲ್ಲ ಆಮೇಲೆ ತಂದು ಇಟ್ಟವಲ್ಲ, ಗೋಡೆಯ ಜೊತೆಯಲ್ಲೇ ಎದ್ದವು. 'ಇಂಟೀರಿಯರ್' ಎಂಬ ಮಾತನ್ನೇ ಕೇಳದ ಮೇಸ್ತ್ರಿಗೆ ಗೂಡು ಎಲ್ಲಿ ಬರಬೇಕೆಂದು ಮೊದಲೇ ತಿಳಿದಿರುತ್ತಿತ್ತು. ನಾವೋ, ಮೊದಲು ಮನೆ ಕಟ್ಟುತ್ತೇವೆ, ಆಮೇಲೆ ಅದರಲ್ಲಿ ಹೇಗೆ ಬದುಕುವುದೆಂದು ಯೋಚಿಸುತ್ತೇವೆ.

ಹೊಸೂರು 2019ರಲ್ಲಿ ಮಹಾನಗರ ಪಾಲಿಕೆಯಾಯಿತು. ಸುತ್ತಮುತ್ತ ಎಲ್ಲಿ ನೋಡಿದರೂ ಕಂಬಿ, ಜಲ್ಲಿ, ಎಂ ಸ್ಯಾಂಡ್ ರಾಶಿ. ಕಾರ್ಖಾನೆಗಳಲ್ಲಿ ದುಡಿಯುವ ಎಷ್ಟೋ ಕುಟುಂಬಗಳು ಬ್ಯಾಂಕಿನ ಸಾಲ ಪಡೆದು ಮನೆ ಕಟ್ಟುತ್ತಿವೆ. ಅಂಥ ಒಂದು ಮನೆಯ ಆಶೀರ್ವಾದಕ್ಕೆ ಹೋಗಿದ್ದೆ. ಹೊಸ ಬಣ್ಣದ ಗೋಡೆಯ ಮೇಲೆ ಉದ್ದಕ್ಕೂ ಸಿಮೆಂಟಿನ ತೇಪೆ. ಫ್ರಿಜ್ ಇಡುವ ಕಡೆ ಪ್ಲಗ್ ಪಾಯಿಂಟೇ ಇರಲಿಲ್ಲವಂತೆ, ಬಣ್ಣ ಬಳಿದ ಮೇಲೆ ಗೋಡೆ ಕೊರೆಸಿದ್ದರು. ಬೀರು ಮಾಡಿಸಲು ಹಣ ಸಾಲದೆ ಒಡವೆ ಅಡವಿಟ್ಟಿದ್ದರು. ಮನೆಯಾಕೆ ಮೆಲ್ಲಗೆ, "ಫಾದರ್, ದಿನವಿಡೀ ಅಡುಗೆಮನೆಯಲ್ಲಿ ನಿಲ್ಲುವವಳು ನಾನು. ಕಟ್ಟೆ ಎಷ್ಟೆತ್ತರ ಬೇಕಮ್ಮಾ ಎಂದು ಒಬ್ಬರೂ ಕೇಳಲಿಲ್ಲ" ಎಂದರು. ಪಕ್ಕದಲ್ಲಿದ್ದ ಯಜಮಾನರು ತಲೆ ತಗ್ಗಿಸಿದರು. ತಪ್ಪು ಅವರೊಬ್ಬರದೇ ಎಂದು ನನಗೆ ಅನಿಸಲಿಲ್ಲ.

ಚದರ ಅಡಿಗೆ ಇಂತಿಷ್ಟು ಎಂದು ಗುತ್ತಿಗೆ ಮಾತಾಡುವಾಗ ಒಳಗಿನ ಕೆಲಸ ಸಾಮಾನ್ಯವಾಗಿ ಅದರಲ್ಲಿ ಸೇರಿರುವುದಿಲ್ಲ. ಬ್ಯಾಂಕು ಕಟ್ಟಡ ಏರಿದ ಹಾಗೆ ಕಂತು ಕಂತಾಗಿ ಸಾಲ ಕೊಡುತ್ತದೆ. ಟೈಲ್ಸ್ ಹಾಕುವ ಹೊತ್ತಿಗೆ ಕೈ ಬರಿದು. ಆದ್ದರಿಂದ ಪಾಯ ತೆಗೆಯುವ ಮುನ್ನವೇ ಒಳಗಿನ ಕೆಲಸಕ್ಕೆ ಬೇರೆ ಹಣ ಎತ್ತಿಡಬೇಕು. ಅದಕ್ಕಾಗಿ ಮನೆಯನ್ನು ನೂರು ಚದರ ಅಡಿ ಚಿಕ್ಕದು ಮಾಡಿದರೂ ನಷ್ಟವಿಲ್ಲ ಎಂಬುದು ನನ್ನ ಅಭಿಪ್ರಾಯ. ಡಿಸೈನರನ್ನು ಇಡೀ ಕೆಲಸಕ್ಕೆ ಗೊತ್ತುಮಾಡುವ ಶಕ್ತಿ ಇಲ್ಲದವರು ನಕ್ಷೆಯೊಂದನ್ನಾದರೂ ಬರೆಸಿಕೊಳ್ಳಬಹುದು.

ಮಂಚ ಎಲ್ಲಿ, ಬೀರು ಎಲ್ಲಿ, ಗ್ಯಾಸ್ ಸ್ಟೌ ಎಲ್ಲಿ, ಅಜ್ಜಿ ಮಲಗುವ ಕೋಣೆಯಿಂದ ಬಚ್ಚಲಿಗೆ ದಾರಿ ಎಲ್ಲಿ? ಇಷ್ಟನ್ನು ಮನೆಯವರೆಲ್ಲ ಕೂತು ನಕ್ಷೆಯ ಮೇಲೆ ಗುರುತಿಸಬೇಕು. ತಾರಸಿಗೆ ಕಂಬಿ ಕಟ್ಟಿದ ಮೇಲೆ, ಕಾಂಕ್ರೀಟ್ ಹಾಕುವ ಮೊದಲು, ಫ್ಯಾನಿನ ಬಾಕ್ಸ್ ಮತ್ತು ವೈರಿನ ಪೈಪು ಅದರೊಳಗೆ ಕೂತಿರಬೇಕು. ಗೋಡೆಯ ಪೈಪುಗಳು ಗಾರೆಗಿಂತ ಮೊದಲು. ಗೀಸರ್, ವಾಷಿಂಗ್ ಮೆಷಿನ್‌ಗಳಿಗೆ 16 ಆಂಪ್ ಪಾಯಿಂಟ್ ಬೇಕೆಂಬುದನ್ನು ಎಲೆಕ್ಟ್ರಿಷಿಯನ್‌ಗೆ ಆಗಲೇ ಹೇಳಬೇಕು. ಬಚ್ಚಲಿಗೆ ವಾಟರ್‌ಪ್ರೂಫಿಂಗ್ ಮಾಡಿದ ಮೇಲೆ ನೀರು ಹೋಗುವ ತೂತು ಮುಚ್ಚಿ, ಒಂದು ದಿನವಾದರೂ ನೀರು ನಿಲ್ಲಿಸಿ, ಕೆಳಗೆ ಸೋರುತ್ತದೆಯೇ ಎಂದು ನೋಡಿದ ನಂತರವೇ ಟೈಲ್ಸ್.

ಅಡುಗೆ ಕಟ್ಟೆಯ ಮಾತು ಬಂದಾಗ ಮನೆಯಾಕೆಯನ್ನೇ ನಿಲ್ಲಿಸಿ ಅಳೆಯಿರಿ. ಕೈ ಮಡಚಿದಾಗ ಮೊಣಕೈಗಿಂತ ನಾಲ್ಕೈದು ಅಂಗುಲ ಕೆಳಗೆ ಕಟ್ಟೆ ಬಂದರೆ ಬೆನ್ನು ಬಗ್ಗಿಸಬೇಕಿಲ್ಲ, ಭುಜ ಎತ್ತಬೇಕಿಲ್ಲ. ಐದು ಅಡಿ ಎತ್ತರದವರಿಗೆ ಸುಮಾರು 32 ಅಂಗುಲ ಆಗಬಹುದು. ಆದರೆ ಒಂದು ಎಚ್ಚರಿಕೆ! ಟೈಲ್ಸ್ ಮತ್ತು ಅದರ ಕೆಳಗಿನ ಗಾರೆ ಸೇರಿ ನೆಲ ಎರಡು ಮೂರು ಅಂಗುಲ ಮೇಲೆ ಬರುತ್ತದೆ. ಇದನ್ನು ಮರೆತು ಒರಟು ನೆಲದಿಂದ ಅಳೆದರೆ ಕಟ್ಟೆ ಕುಳ್ಳಾಗುತ್ತದೆ. ಕಟ್ಟೆಗೆ ಕಲ್ಲು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ, ಗ್ರಾನೈಟ್ ನಮ್ಮ ಕೃಷ್ಣಗಿರಿ ಜಿಲ್ಲೆಯಲ್ಲೇ ಇದೆ.

ಬಡಗಿಯನ್ನು ಮಾತ್ರ ಅವಸರದಿಂದ ಕರೆಸಬೇಡಿ. ನಕ್ಷೆ ಬೇಗ ಆಗಲಿ, ಮರದ ಕೆಲಸ ತಡವಾಗಲಿ. ಹಸಿ ಗೋಡೆಗೆ ತಾಗಿಸಿದ ಪ್ಲೈವುಡ್ ತೇವ ಹೀರುತ್ತದೆ, ಬೂಸ್ಟು ಹಿಡಿಯುತ್ತದೆ. ಗಾರೆಯೂ ನೆಲವೂ ಮುಗಿದ ನಂತರ ಬೀರುಗಳ ಅಳತೆಯನ್ನು ಮತ್ತೊಮ್ಮೆ ತೆಗೆಯಬೇಕು. ಸಿಂಕಿನ ಕೆಳಗೆ ಬಳಸುವ ಹಲಗೆಯ ಮೇಲೆ ಐಎಸ್ 710 ಎಂಬ ಗುರುತು ಇದೆಯೇ ಎಂದು ನೋಡಿಕೊಳ್ಳಿ. ನೀರು ತಡೆಯುವ ಪ್ಲೈವುಡ್‌ನ ಗುರುತು ಅದು.

ಕೆಲಸದ ನಡುವೆ ಮನಸ್ಸು ಬದಲಾಗುವುದು ಸಹಜ. ಬದಲಾದಾಗಲೆಲ್ಲ ಅದಕ್ಕೆ ತಗಲುವ ಹೆಚ್ಚಿನ ಹಣವನ್ನು ಅಂದೇ ಒಂದು ನೋಟ್‌ಬುಕ್ಕಿನಲ್ಲಿ ಬರೆದು ನೀವೂ ಮೇಸ್ತ್ರಿಯೂ ಸಹಿ ಹಾಕಿ. ಕೊನೆಯ ಲೆಕ್ಕದ ದಿನ ಜಗಳವಾಗುವುದು ಹೆಚ್ಚಾಗಿ ಬಾಯಿಮಾತಿನಲ್ಲಿ ಆದ ಬದಲಾವಣೆಗಳಿಂದಲೇ.

ಇನ್ನೊಂದು, ಖರ್ಚಿಲ್ಲದ ಕೆಲಸ. ಪೈಪು ಕೂರಿಸಿ ಗಾರೆ ಹಾಕುವ ಹಿಂದಿನ ಸಂಜೆ ಪ್ರತಿಯೊಂದು ಗೋಡೆಯ ಪಕ್ಕ ಅಳತೆ ಟೇಪು ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಮುಂದೆ ಶಿಲುಬೆಯನ್ನೋ ಅಪ್ಪ ಅಮ್ಮನ ಚಿತ್ರವನ್ನೋ ತೂಗುಹಾಕಲು ಮೊಳೆ ಹೊಡೆಯುವ ದಿನ, ನೀರಿನ ಪೈಪು ಎಲ್ಲಿದೆಯೆಂದು ಆ ಫೋಟೋ ಹೇಳುತ್ತದೆ.