ಕುರಿಮರಿಗಳ ಹಿಂಗಾಲು ಬೀಳುವ ರೋಗ

ಸಿರಿಗೇರಿಯ ಎರೆಭೂಮಿಯಲ್ಲಿ ಬಳ್ಳಾರಿ ತಳಿಯ ಕುರಿಗಳನ್ನು ಸಾಕುವವರು, ಎಳೆಯ ಮರಿಯು ಹಿಂಗಾಲುಗಳನ್ನೆಳೆಯುತ್ತ ತೂರಾಡಿ ಬಿದ್ದರೆ ಗ್ರಹಚಾರವೆಂದು ಸುಮ್ಮನಿರಬಾರದು. ತಾಯಿಗೆ ತಾಮ್ರದ ಅಂಶವು ಸಾಲದೆ ಹೋದರೆ, ಗರ್ಭದಲ್ಲಿರುವ ಮರಿಯ ಮಿದುಳು ಬೆನ್ನುಹುರಿಗಳಲ್ಲಿ ನರತಂತುಗಳನ್ನು ಸುತ್ತುವ ಕೊಬ್ಬಿನ ಹೊದಿಕೆಯು ಸರಿಯಾಗಿ ಬೆಳೆಯುವುದಿಲ್ಲ. ಜೀವಕೋಶಗಳಿಗೆ ಶಕ್ತಿಯೊದಗಿಸುವ, ತಾಮ್ರವುಳ್ಳ ಕಿಣ್ವವೂ ಕುಗ್ಗುವುದು. ಪಶ್ಚಿಮ ಆಸ್ಟ್ರೇಲಿಯದಲ್ಲಿ ಬೆನೆಟ್ಸ್ ಮತ್ತು ಚಾಪ್‌ಮನ್ ಎಂಬವರು ಈ ರೋಗಕ್ಕೆ ತಾಮ್ರದ ಕೊರತೆಯೇ ಕಾರಣವೆಂದು 1937ರಲ್ಲಿ ಪ್ರಕಟಿಸಿದರು. ಒಮ್ಮೆ ಕೆಟ್ಟ ನರವು ನೆಟ್ಟಗಾಗುವುದು ದುರ್ಲಭ. ಆದುದರಿಂದ ಉಪಚಾರವು ತಾಯಿಗೆ, ಅದೂ ಈಯುವುದಕ್ಕೆ ಮೊದಲೇ. ಹಾಗೆಂದು ಮೈಲುತುತ್ತವನ್ನು ಅಂದಾಜಿನ ಮೇಲೆ ಕುಡಿಸತಕ್ಕದ್ದಲ್ಲ. ತಾಮ್ರವು ಹೆಚ್ಚಾದರೆ ಕುರಿಯ ಪಿತ್ತಜನಕಾಂಗದಲ್ಲಿ ಶೇಖರವಾಗಿ ಪ್ರಾಣವನ್ನೇ ತೆಗೆಯುವುದು. ಹಿಂಗಾಲು ಬಿದ್ದ ಮರಿಗೆಲ್ಲ ಇದೇ ರೋಗವೆನ್ನಲಾಗದು; ಗ್ರಾಮದ ಮುಖಂಡರು ಪಶುವೈದ್ಯರನ್ನು ಕರೆಯಿಸಿ, ತಾಯಿಕುರಿಯ ರಕ್ತವನ್ನು ಪರೀಕ್ಷೆಗೆ ಕಳುಹಿಸತಕ್ಕದ್ದು.