ಬೀಗದ ಕೈ ಯಾರ ಬಳಿ?

ಕಾಲೇಜಿನ ಒಬ್ಬ ವಿದ್ಯಾರ್ಥಿ ಬೇಸಗೆಯ ರಜೆಯಲ್ಲಿ ಒಂದು ಚಿಕ್ಕ ಆ್ಯಪ್ ಬರೆದನೆಂದು ಇಟ್ಟುಕೊಳ್ಳೋಣ. ಊರಿನಲ್ಲಿ ದಿನದಿನವೂ ಬಿದ್ದ ಮಳೆಯನ್ನು ಬರೆದಿಟ್ಟುಕೊಂಡು ನಕ್ಷೆ ಬಿಡಿಸಿ ತೋರಿಸುವುದು ಅದರ ಕೆಲಸ. ತನ್ನ ಆಂಡ್ರಾಯ್ಡ್ ಫೋನಿಗೆ ಅದನ್ನು ಹಾಕಹೊರಟರೆ ಎಚ್ಚರಿಕೆಯ ಮಾತೊಂದು ತೆರೆಯ ಮೇಲೆ ಮೂಡುವುದು. ಅದಕ್ಕೆ ಒಪ್ಪಿದರೆ ಆ್ಯಪ್ ನಡೆಯತೊಡಗುವುದು. ಅದನ್ನೇ ಐಫೋನಿಗೆ ತಕ್ಕಂತೆ ತಿದ್ದಿ ಗೆಳೆಯನ ಫೋನಿಗೆ ಹಾಕಿದರೆ ಸಂಗತಿ ಬೇರೆ. ಹಣ ತೆರದೆ ಪಡೆಯುವ ಅಪ್ಪಣೆಗೆ ಏಳು ದಿನಗಳ ಆಯುಸ್ಸು ಮಾತ್ರ. ಅದು ತೀರಿದ ಬಳಿಕ ಆ್ಯಪ್ ತೆರೆಯುವುದೇ ಇಲ್ಲ. ಇದಕ್ಕಿಂತ ಹೆಚ್ಚು ಕಾಲದ ಅಪ್ಪಣೆ ಬೇಕಾದರೆ ವರ್ಷಕ್ಕೆ 99 ಡಾಲರು ಕೊಡಬೇಕು. ಫೋನನ್ನು ಕೊಂಡವನು ಗೆಳೆಯ, ಆ್ಯಪ್ ಬರೆದವನು ಈತ. ಇಬ್ಬರೂ ಒಪ್ಪಿರುವಾಗ ನಡುವೆ ನಿಂತು ಬೇಡವೆನ್ನುವವರು ಯಾರು? ಹೇಗೆ ಬೇಡವೆನ್ನುತ್ತಾರೆ?

'ಹೇಗೆ' ಎಂಬುದನ್ನೇ ಮೊದಲು ನೋಡುವೆವು. ಅದರಲ್ಲಿ ಸೊಗಸಾದ ಗಣಿತವಿದೆ. 61ನ್ನೂ 53ನ್ನೂ ಗುಣಿಸಿದರೆ 3,233 ಬರುವುದು. ಇದು ಶಾಲೆಯ ಹುಡುಗರ ಲೆಕ್ಕ. ಆದರೆ 3,233ನ್ನು ಮುಂದಿಟ್ಟು, ಇದು ಯಾವ ಎರಡು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವೆಂದು ಕೇಳಿದರೆ ಸ್ವಲ್ಪ ತಿಣುಕಬೇಕಾಗುವುದು. ಸಂಖ್ಯೆಯಲ್ಲಿ ಆರುನೂರು ಅಂಕಿಗಳಿದ್ದರಂತೂ ಇಂದಿನ ಕಂಪ್ಯೂಟರುಗಳೂ ಕೈಚೆಲ್ಲುವುವು. ಹೋಗುವ ದಾರಿ ಸುಲಭ, ಮರಳುವ ದಾರಿ ದುರ್ಗಮ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಈ ಗುಣವನ್ನೇ ಆಧಾರವಾಗಿಟ್ಟುಕೊಂಡು ಜೋಡಿ ಕೀಲಿಕೈಗಳ ವಿಧಾನವೊಂದನ್ನು ರಚಿಸಿದರು. ಒಂದು ಗುಟ್ಟಿನ ಕೀಲಿಕೈ, ಅದರಿಂದ ರುಜು ಹಾಕಬಹುದು. ಇನ್ನೊಂದು ಬಹಿರಂಗದ್ದು, ಅದರಿಂದ ರುಜು ನಿಜವೋ ಸುಳ್ಳೋ ಎಂದು ಪರೀಕ್ಷಿಸಬಹುದೇ ಹೊರತು ಹೊಸ ರುಜು ಹಾಕಲಾಗದು. ರುಜು ಹಾಕುವ ಮೊದಲು ಇಡೀ ಆ್ಯಪನ್ನು ಒಂದು ಗೊತ್ತಾದ ಉದ್ದದ ಸಂಖ್ಯೆಯಾಗಿ ಸಂಗ್ರಹಿಸುವರು. ಆ್ಯಪಿನಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಆ ಸಂಖ್ಯೆ ಗುರುತು ಸಿಗದಷ್ಟು ಬದಲಾಗುವುದು. ಆದುದರಿಂದ ಹಳೆಯ ರುಜು ಅದಕ್ಕೆ ಹೊಂದದು.

ಐಫೋನಿನ ಸಿಲಿಕಾನ್ ಚಿಪ್ಪಿನಲ್ಲಿ, ಯಾರೂ ತಿದ್ದಲಾಗದ ಭಾಗವೊಂದರಲ್ಲಿ, ಆಪಲ್ ಕಂಪೆನಿಯ ಬಹಿರಂಗದ ಕೀಲಿಕೈಯನ್ನು ತಯಾರಿಕೆಯ ಕಾಲದಲ್ಲೇ ಕೊರೆದಿರುತ್ತಾರೆ. ಫೋನು ಎಚ್ಚರಗೊಂಡೊಡನೆ ಮೊದಲ ಹಂತವು ಎರಡನೆಯ ಹಂತದ ರುಜುವನ್ನು ನೋಡುವುದು, ಎರಡನೆಯದು ಮೂರನೆಯದರ ರುಜುವನ್ನು. ಕೊನೆಗೆ ಪ್ರತಿ ಆ್ಯಪಿನ ರುಜುವೂ ಹೀಗೆಯೇ ಪರೀಕ್ಷೆಗೆ ಒಳಪಡುವುದು. ಸರಪಣಿಯ ಈ ಕೊಂಡಿಗಳಲ್ಲಿ ಬಿರುಕು ಹುಡುಕಿ ಒಳನುಗ್ಗುವುದಕ್ಕೆ 'ಜೈಲ್‌ಬ್ರೇಕ್', ಅಂದರೆ ಸೆರೆಮನೆ ಒಡೆಯುವುದು ಎಂದು ಹೆಸರು. ಹೀಗೆ ಮಾಡುವುದು ಅಪರಾಧವಲ್ಲವೆಂದು 2010ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಮುಖ್ಯಸ್ಥರು ಕೃತಿಸ್ವಾಮ್ಯದ ಕಾನೂನಿನಿಂದ ವಿನಾಯಿತಿ ನೀಡಿದರು. ಸೆರೆಯಲ್ಲಿದ್ದವರು ಕೊಂಡವರೇ ಎಂಬ ಧ್ವನಿ ಆ ಹೆಸರಿನಲ್ಲಿಯೇ ಇದೆ!

ಬೀಗವೇ ಬೇಡವೆಂದು ನಾವು ಹೇಳಲಾರೆವು. ಬ್ಯಾಂಕಿನ ಹೆಸರಿನಲ್ಲೋ ಮದುವೆಯ ಆಮಂತ್ರಣದ ವೇಷದಲ್ಲೋ ವಾಟ್ಸಾಪಿನ ಮೂಲಕ ಬರುವ ಕಡತವನ್ನು ಆಂಡ್ರಾಯ್ಡ್ ಫೋನಿಗೆ ಹಾಕಿಕೊಂಡು, ಖಾತೆಯ ಹಣವನ್ನೆಲ್ಲ ಕಳೆದುಕೊಂಡವರು ನಮ್ಮ ದೇಶದಲ್ಲಿ ಕಡಿಮೆಯಿಲ್ಲ. ಎಚ್ಚರಿಕೆಯ ಮಾತನ್ನು ಓದದೆಯೇ ಒಪ್ಪಿಗೆ ಒತ್ತುವುದು ಮನುಷ್ಯಸ್ವಭಾವ. ಕಾವಲುಗಾರನಿದ್ದರೆ ಇಂಥವು ಬಹಳಮಟ್ಟಿಗೆ ಹೊರಗೇ ಉಳಿಯುವುವು. ಬಹಳಮಟ್ಟಿಗೆ ಮಾತ್ರ: 2015ರ ಸೆಪ್ಟೆಂಬರಿನಲ್ಲಿ 'ಎಕ್ಸ್‌ಕೋಡ್‌ಘೋಸ್ಟ್' ಎಂಬ ಕುತಂತ್ರವು ಬಯಲಾಯಿತು. ಆ್ಯಪ್ ಬರೆಯುವ ಸಲಕರಣೆಯನ್ನೇ ಯಾರೋ ಕೆಡಿಸಿ ಹಂಚಿದ್ದರು. ಅದನ್ನು ಬಳಸಿದ ಚೀನದ ಹಲವು ಆ್ಯಪುಗಳು, ಹೆಸರಾಂತ ವೀಚಾಟ್ ಸಹ, ಸರಿಯಾದ ರುಜುವಿನೊಡನೆಯೇ ಆಪಲ್ಲಿನ ಅಂಗಡಿಯನ್ನು ಸೇರಿದ್ದವು. ಆ್ಯಪನ್ನು ಯಾರು ಒಪ್ಪಿದರೆಂದು ರುಜು ಹೇಳುವುದು. ಅದು ಒಳ್ಳೆಯದೆಂದು ಹೇಳಲಾರದು.

ಕಾವಲುಗಾರನೇ ಅಂಗಡಿಕಾರನೂ ಆದಾಗ ತೊಡಕು ಹೆಚ್ಚುವುದು. 2008ರ ಜುಲೈ 10ರಂದು ಸುಮಾರು 500 ಆ್ಯಪುಗಳೊಡನೆ ತೆರೆದ ಆಪಲ್ಲಿನ ಅಂಗಡಿಯಲ್ಲಿ, ಮಾರಾಟದ ಹಣದಲ್ಲಿ ನೂರಕ್ಕೆ 30 ಪಾಲು ಕಂಪೆನಿಗೆ ಸಲ್ಲುತ್ತಿತ್ತು. (ಸಣ್ಣ ವ್ಯಾಪಾರಿಗಳಿಗೆ 2021ರಿಂದ ಇದು 15ಕ್ಕೆ ಇಳಿಯಿತು.) 2020ರ ಆಗಸ್ಟಿನಲ್ಲಿ 'ಫೋರ್ಟ್‌ನೈಟ್' ಆಟದ ಒಡೆಯರಾದ ಎಪಿಕ್ ಕಂಪೆನಿಯವರು ಆಟಗಾರರಿಂದ ನೇರವಾಗಿ ಹಣ ಪಡೆಯಲು ತೊಡಗಿದಾಗ, ಅದೇ ದಿನ ಆ ಆಟವನ್ನು ಅಂಗಡಿಯಿಂದ ಹೊರಹಾಕಲಾಯಿತು. ನಮ್ಮಲ್ಲಿಯೂ, ತನ್ನ ಅಂಗಡಿಯಲ್ಲಿ ತನ್ನದೇ ಪಾವತಿಯ ಏರ್ಪಾಡನ್ನು ಬಳಸಬೇಕೆಂದು ಹಟ ಹಿಡಿದ ಗೂಗಲ್ಲಿಗೆ ಭಾರತದ ಸ್ಪರ್ಧಾ ಆಯೋಗವು 2022ರ ಅಕ್ಟೋಬರಿನಲ್ಲಿ 936.44 ಕೋಟಿ ರೂಪಾಯಿ ದಂಡ ವಿಧಿಸಿತು. 2025ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಲಿ ಅದನ್ನು 216.69 ಕೋಟಿಗೆ ಇಳಿಸಿತು.

ಹಣದ ಜಗಳಕ್ಕಿಂತ ನಮಗೆ ಹೆಚ್ಚು ಗಂಭೀರವಾಗಿ ಕಾಣುವುದು ಬೇರೊಂದು. ಹಾಂಗ್‌ಕಾಂಗಿನ ಚಳವಳಿಯ ಕಾಲದಲ್ಲಿ ಪೊಲೀಸರು ಎಲ್ಲೆಲ್ಲಿರುವರೆಂದು ತೋರಿಸುತ್ತಿದ್ದ ನಕ್ಷೆಯ ಆ್ಯಪೊಂದನ್ನು 2019ರ ಅಕ್ಟೋಬರಿನಲ್ಲಿ ಆಪಲ್ ತೆಗೆದುಹಾಕಿತು. ಅದರಿಂದ ಪೊಲೀಸರಿಗೆ ಅಪಾಯವೆಂದು ಕಂಪೆನಿ ಹೇಳಿತು. ಆ ಮಾತು ಸರಿಯೋ ತಪ್ಪೋ ಇರಲಿ; ಊರಿಗೆಲ್ಲ ಒಂದೇ ಬಾಗಿಲಿದ್ದರೆ, ಅದನ್ನು ಮುಚ್ಚಿಸಲು ಒಬ್ಬನನ್ನು ಒಪ್ಪಿಸಿದರೆ ಸಾಕಾಗುವುದು. ಬಾಡಿಗೆಯ ಮನೆಗೂ ಬೀಗದ ಕೈ ಒಕ್ಕಲಿನವನ ಬಳಿ ಇರುವುದಲ್ಲವೆ? ಬೀಗ ಗಟ್ಟಿಯಾಗಿರಲಿ, ಒಂದು ಕೈ ಕೊಂಡವನಿಗೂ ಸಿಗಲಿ ಎಂಬುದೇ ನಮ್ಮ ಮತ.

ಯೂರೋಪಿನ ಒಕ್ಕೂಟವು ತನ್ನ ಹೊಸ ಕಾನೂನಿನ ಮೂಲಕ 2024ರ ಮಾರ್ಚಿನಿಂದ ಐಫೋನಿನಲ್ಲಿ ಬೇರೆ ಅಂಗಡಿಗಳಿಗೂ ಎಡೆ ಮಾಡಿಸಿತು. ಆದರೂ ಆ ಅಂಗಡಿಗಳ ಆ್ಯಪುಗಳು ಮೊದಲು ಆಪಲ್ಲಿಗೆ ಹೋಗಿ ಅದರ ರುಜು ಪಡೆದೇ ಬರಬೇಕೆಂದು ಕಂಪೆನಿ ನಿಯಮ ಮಾಡಿತು. ಇತ್ತ ಗೂಗಲ್, ಅಂಗಡಿಯ ಹೊರಗಿನಿಂದ ಬರುವ ಆ್ಯಪುಗಳನ್ನು ಬರೆದವರೂ ತಮ್ಮ ಹೆಸರು ವಿಳಾಸಗಳನ್ನು ತನ್ನಲ್ಲಿ ನೋಂದಾಯಿಸಬೇಕೆಂಬ ಯೋಜನೆಯನ್ನು 2025ರ ಆಗಸ್ಟಿನಲ್ಲಿ ಪ್ರಕಟಿಸಿತು. ನಮ್ಮ ವಿದ್ಯಾರ್ಥಿಯಾದರೋ ವಾರಕ್ಕೊಮ್ಮೆ ಗೆಳೆಯನ ಫೋನನ್ನು ಕಂಪ್ಯೂಟರಿಗೆ ಜೋಡಿಸಿ, ಮಳೆಯ ಲೆಕ್ಕಕ್ಕೆ ಇನ್ನೊಂದು ಏಳು ದಿನಗಳ ಅಪ್ಪಣೆ ಪಡೆಯಬೇಕು.